ಸ್ಟಿಯರಿಂಗ್ ಹಿಡಿದವಳು ಆಕಾಶ ನೋಡಬಾರದು

ಇಪ್ಪತ್ತಾರು ವರ್ಷ ಸುಂಟರಗಾಳಿಗಳ ಬೆನ್ನು ಹತ್ತಿದ ಹೆಂಗಸು ಒಂದೇ ಒಂದನ್ನೂ ಸರಿಯಾಗಿ ನೋಡಿಲ್ಲ ಎಂದರೆ ಯಾರು ನಂಬುತ್ತಾರೆ? ನಂಬಲೇಬೇಕು. ನೋರೀನ್ ಹಕಬಿ ನೋಡಿರಲಿಲ್ಲ. ಕನ್ನಡಿಯ ಮೂಲೆಯಲ್ಲಿ ಒಂದು ತುಣುಕು, ಗಂಡನ ಭುಜದಾಚೆ ಒಂದು ಕಪ್ಪು ಬಾಲ, ಅಷ್ಟೇ ಅವಳ ಪಾಲಿಗೆ ಸಿಕ್ಕಿದ್ದು. ಪೂರ್ತಿ ನೋಡಿದ್ದೆಲ್ಲ ಮಾರನೆಯ ದಿನ ಅಡುಗೆಮನೆಯ ಟೀವಿಯಲ್ಲಿ, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದುಕೊಂಡು. ತೆರೆಯ ಕೆಳಗೆ ಗಂಡನ ಹೆಸರು ಇರುತ್ತಿತ್ತು: ಚಿತ್ರ, ವೆಂಡೆಲ್ ಹಕಬಿ.

ಅದಕ್ಕೆ ಕಾರಣ ಅವರ ಪಿಕಪ್ಪಿನ ಕಾನೂನು. ಕ್ಯಾಮೆರಾ ಹಿಡಿದವನು ಆಕಾಶ ನೋಡಬೇಕು, ಸ್ಟಿಯರಿಂಗ್ ಹಿಡಿದವಳು ರಸ್ತೆ ನೋಡಬೇಕು. ಅವನು ಹೊರಗೆ ನಿಂತು ಚಿತ್ರ ತೆಗೆಯುವಾಗಲೂ ಅವಳು ಗಾಡಿಯ ಮೂತಿಯನ್ನು ತಪ್ಪಿಸಿಕೊಳ್ಳುವ ದಿಕ್ಕಿಗೆ ಇಟ್ಟು, ಇಂಜಿನ್ ಆರಿಸದೆ, ದಾರಿಯ ಮೇಲೆ ಕಣ್ಣಿಟ್ಟು ಕೂತಿರಬೇಕು. ಈ ಕಾನೂನು ಮಾಡಿದವಳು ಬೇರಾರೂ ಅಲ್ಲ, ನೋರೀನಳೇ. ಮದುವೆಯಾದ ಹೊಸತರಲ್ಲಿ ಅವರ ಗೆಳೆಯನೊಬ್ಬ ಮೋಡ ನೋಡುತ್ತ ನೋಡುತ್ತ ಕೂಡುರಸ್ತೆಯಲ್ಲಿ ನಿಲ್ಲಿಸದೆ ನುಗ್ಗಿ ಗೋಧಿ ಲಾರಿಗೆ ಗುದ್ದಿ ಸತ್ತಿದ್ದ. ಸುಂಟರಗಾಳಿ ಅವನಿಂದ ಐದು ಮೈಲಿ ಆಚೆ, ಪಾಪ, ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಮಣ್ಣು ಮಾಡಿ ಬಂದ ಸಂಜೆ ನೋರೀನ್ ಹೇಳಿದ್ದಳು: ಇನ್ನು ಮೇಲೆ ಗಾಡಿ ನನ್ನದು, ಮೋಡ ನಿನ್ನದು.

ಗಾಡಿ ಓಡಿಸುವುದರಲ್ಲಿ ಅವಳನ್ನು ಮೀರಿಸುವವರು ಪಶ್ಚಿಮ ಓಕ್ಲಹೋಮಾದಲ್ಲಿ ಹುಟ್ಟಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ವರ್ಷದಲ್ಲಿ ಒಂಬತ್ತು ತಿಂಗಳು ಶಾಲೆಯ ಹಳದಿ ಬಸ್ಸು ಓಡಿಸುವವಳು ಅವಳು. ಯಾವ ಅಡ್ಡರಸ್ತೆಗೆ ಜಲ್ಲಿ ಹಾಕಿದ್ದಾರೆ, ಯಾವುದು ಬರೀ ಕೆಂಪು ಜೇಡಿಮಣ್ಣು ಅನ್ನುವುದು ಅವಳಿಗೆ ಬಾಯಿಪಾಠ. ಫೋನಿನ ನಕ್ಷೆಯಲ್ಲಿ ಎರಡೂ ಒಂದೇ ಥರ ಬಿಳಿ ಗೆರೆ. ಆದರೆ ಆ ಕೆಂಪು ಜೇಡಿ ಒಣಗಿದ್ದಾಗ ಸಿಮೆಂಟು, ನಾಲ್ಕು ಹನಿ ಬಿದ್ದರೆ ಬೆಣ್ಣೆ. ಹೊರರಾಜ್ಯಗಳಿಂದ ದೊಡ್ಡ ದೊಡ್ಡ ಗಾಡಿ ತಂದು ಅದರಲ್ಲಿ ಹೂತುಕೊಂಡು ಟ್ರ್ಯಾಕ್ಟರ್‌ಗೆ ಫೋನು ಮಾಡುವ ಗಂಡಸರನ್ನು ಅವಳು ಪ್ರತಿ ಮೇ ತಿಂಗಳು ನೋಡುತ್ತಿದ್ದಳು, ನೋಡಿ ಒಳಗೊಳಗೇ ನಗುತ್ತಿದ್ದಳು.

ಹೋದ ಚಳಿಗಾಲದ ಒಂದು ಮಧ್ಯಾಹ್ನ ವೆಂಡೆಲ್ ಹಳೆಯ ಚಿತ್ರವೊಂದನ್ನು ಟೀವಿಗೆ ಹಾಕಿದ್ದ. ಹೊಲದ ನಡುವೆ ಬೂದುಬಣ್ಣದ ದೊಡ್ಡ ಸುಂಟರಗಾಳಿ ನಿಂತಿತ್ತು. ನಡುವೆ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು: "ವೆಂಡೆಲ್, ಸಾಕು ಬಾ, ಹೊರಡೋಣ." ಅದು ತನ್ನದೇ ದನಿ ಎಂದು ನೋರೀನಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ನಾನು ಅಲ್ಲೇ ಇದ್ದೆ," ಎಂದಳು.

"ಇದ್ದೆ ಮತ್ತೆ. ನೀನಿಲ್ದೆ ನಾನು ಹೋಗಿದ್ದು ಯಾವಾಗ?"

"ಆಗ ನಾನು ಏನ್ ನೋಡ್ತಾ ಇದ್ದೆ ಗೊತ್ತಾ ನಿಂಗೆ? ಒಂದು ಮೋರಿ. ನೀರು ಬರ್ತಿದ್ಯಾ ಇಲ್ವಾ ಅಂತ. ಇಷ್ಟು ದೊಡ್ಡದು ಪಕ್ಕದಲ್ಲಿ ನಿಂತಿದ್ರೆ ನಾನು ಮೋರಿ ನೋಡ್ಕೊಂಡು ಕೂತಿದ್ದೆ."

ವೆಂಡೆಲ್ ನಕ್ಕ. ನಗಬಾರದಿತ್ತು.

"ಬರೋ ಮೇ ತಿಂಗಳಲ್ಲಿ ನಾನೊಂದು ನೋಡ್ಬೇಕು," ಎಂದಳು ನೋರೀನ್. "ಕೆಳಗಿಳಿದು, ಎರಡು ಕಾಲ ಮೇಲೆ ನಿಂತು, ಬುಡದಿಂದ ತುದೀವರೆಗೆ. ಆಗ್ಲಿಲ್ವಾ, ಜೂನ್ ಒಂದಕ್ಕೆ ಬೀಗದಕೈ ಮೊಳೆಗೆ ನೇತು ಹಾಕ್ತೀನಿ. ಆಮೇಲೆ ನೀನುಂಟು, ನಿನ್ನ ಕ್ಯಾಮೆರಾ ಉಂಟು. ಬೇರೆ ಯಾರನ್ನಾದ್ರೂ ಹುಡುಕ್ಕೋ."

"ಬೇರೆ ಯಾರು ಸಿಗ್ತಾರೆ ನಂಗೆ?"

"ಅದು ನಿನ್ನ ತಲೆನೋವು."

ಅವಳು ಮಾತು ಆಡಿದರೆ ಆಡಿದ್ದೇ. ಬಸ್ಸಿನಲ್ಲಿ ಗಲಾಟೆ ಮಾಡಿದವನನ್ನು ಕೆಳಗಿಳಿಸುತ್ತೇನೆ ಅಂದವಳು, ಊರಿನ ಪೊಲೀಸರಿಗೆಲ್ಲ ದೊಡ್ಡವನಾದ ಶೆರೀಫನ ಮಗ ಅಂತಲೂ ನೋಡದೆ ಇಳಿಸಿದ್ದಳು. ವೆಂಡೆಲ್‌ಗೆ ಇದು ಗೊತ್ತಿದ್ದದ್ದರಿಂದ ಅಂದಿನಿಂದಲೇ ಅವನು ದಿನಾ ಎದ್ದ ಕೂಡಲೇ ಹವಾಮಾನದ ನಕ್ಷೆ ನೋಡತೊಡಗಿದ.

ಆ ವರ್ಷ ಮೇ ತಿಂಗಳು ಕೈಕೊಟ್ಟಿತು. ದಿನ ಬೆಳಗಾದರೆ ನೀಲಿ ಆಕಾಶ. ಮಧ್ಯಾಹ್ನ ನಾಲ್ಕು ಮೋಡ ತಲೆಯೆತ್ತುವುದು, ಸಂಜೆಗೆ ಅವು ಕರಗಿ ಹೋಗುವುದು. ತಿಂಗಳ ಕೊನೆಯ ವಾರ ಬಂದಾಗ ವೆಂಡೆಲ್ ಊಟ ಬಿಟ್ಟಿದ್ದ. ಕೊನೆಗೂ ಒಂದು ಬೆಳಗ್ಗೆ ತೆಂಕಣ ಗಾಳಿ ಬೆವರು ಬರಿಸುವಷ್ಟು ಹಸಿಯಾಗಿ ಬೀಸತೊಡಗಿತು, ಹವಾಮಾನದವರು ನಕ್ಷೆಯ ಮೇಲೆ ಕೆಂಪು ಬಳಿದರು. ಊರಾಚೆಯ ಪೆಟ್ರೋಲ್ ಬಂಕಿನ ಅಂಗಳದಲ್ಲಿ ಸುಂಟರಗಾಳಿ ಬೆನ್ನಟ್ಟುವವರ ಗಾಡಿಗಳು ಒಂದೊಂದಾಗಿ ಬಂದು ನಿಂತವು. ಕೆಲವರು ಬೀನ್ಸು ಸುತ್ತಿದ ರೊಟ್ಟಿ ತಿನ್ನುತ್ತಿದ್ದರು, ಕೆಲವರು ಚೆಂಡು ಎಸೆದಾಡುತ್ತಿದ್ದರು, ಎಲ್ಲರ ಒಂದು ಕಣ್ಣು ಪಶ್ಚಿಮದ ಮೇಲಿತ್ತು.

ನೋರೀನ್ ಸ್ಟಿಯರಿಂಗ್ ಇರುವ ಎಡಬದಿಯ ಬಾಗಿಲು ಬಿಟ್ಟು ಬಲಬದಿಯಿಂದ ಇಳಿದದ್ದನ್ನು ಮೊದಲು ಕಂಡವನು ಟ್ರೆಂಟ್. ಗಾಡಿಗೆ ಕಬ್ಬಿಣದ ಜಾಲರಿ ಹೊಡೆಸಿ, ನೆತ್ತಿಯ ಮೇಲೆ ದೀಪ ತಿರುಗಿಸಿಕೊಂಡು ಓಡಾಡುವ ಮೂವತ್ತರ ಗಂಡಸು. ಕ್ಯಾಮೆರಾ ಮುಂದೆ ಕೂಗಾಡಿಯೇ ಹೊಟ್ಟೆ ಹೊರೆಯುವವನು, ಆದರೂ ಮನಸ್ಸು ಒಳ್ಳೆಯದು, ಹಿರಿಯ ಹೆಂಗಸರನ್ನು ಆ ಸೀಮೆಯ ರೂಢಿಯಂತೆ ಗೌರವದಿಂದ ಮಿಸ್ ಎಂದೇ ಕರೆಯುವವನು.

"ಮಿಸ್ ನೋರೀನ್, ಇವತ್ತು ನೀವು ಆ ಕಡೆ ಸೀಟಲ್ಲಿ? ಹಾಗಾದ್ರೆ ವೆಂಡೆಲ್ ಓಡಿಸ್ತಾರಾ? ನಾನು ಮನೆಗೆ ಹೋಗ್ತೀನಪ್ಪ. ಗಾಳಿಗೆ ಹೆದರಲ್ಲ, ಇದಕ್ಕೆ ಹೆದರ್ತೀನಿ."

"ನಿನ್ನ ಮೊದಲನೇ ಸುಂಟರಗಾಳಿಗೆ ನಿಂಗೆ ದಾರಿ ತೋರ್ಸಿದ್ದು ಯಾರೋ?" ಎಂದ ವೆಂಡೆಲ್.

"ನೀವಂತೂ ಅಲ್ಲ. ಮಿಸ್ ನೋರೀನ್ ಹಿಂದೆ ಹೋಗಿದ್ದೆ. ನೀವು ಕಿಟಕೀಲಿ ತಲೆ ಹೊರಗೆ ಹಾಕಿದ್ರಿ."

ಸುತ್ತಲಿದ್ದವರೆಲ್ಲ ನಕ್ಕರು, ನೋರೀನಳೂ ನಕ್ಕಳು. ಆದರೆ ಮತ್ತೆ ಬಲಬದಿಯ ಸೀಟಿನಲ್ಲಿ ಕೂತಾಗ ಅವಳಿಗೆ ಬೇರೆಯವರ ಚಪ್ಪಲಿ ಮೆಟ್ಟಿದ ಹಾಗಾಯಿತು. ವೆಂಡೆಲ್ ತಿರುವುಗಳಲ್ಲಿ ತಡವಾಗಿ ಬ್ರೇಕ್ ಹಾಕುತ್ತಿದ್ದ. ಪ್ರತಿ ಸಲವೂ ಅವಳ ಬಲಗಾಲು ಕೆಳಗಿನ ಚಾಪೆಯನ್ನು ತಾನೇ ಒತ್ತುತ್ತಿತ್ತು.

"ರಸ್ತೆ ನಾನು ನೋಡ್ಕೊತೀನಿ," ಎಂದ ವೆಂಡೆಲ್. "ನೀನು ಮೇಲೆ ನೋಡು. ಇವತ್ತು ನಿನ್ನ ದಿನ."

ಸಂಜೆಯ ಹೊತ್ತಿಗೆ ಮೋಡ ಎದ್ದಿತು. ಎಂಥಾ ಮೋಡ. ಹೂಕೋಸಿನ ಹಾಗೆ ಉಬ್ಬಿ ಉಬ್ಬಿ ಆಕಾಶದ ನೆತ್ತಿ ಮುಟ್ಟಿತು. ಅದರ ತಳ ಕಪ್ಪಾಗಿ, ನಡುವೆ ಒಂದು ಭಾಗ ಗೋಡೆಯ ಹಾಗೆ ಕೆಳಕ್ಕಿಳಿದು ನಿಧಾನವಾಗಿ ಸುತ್ತತೊಡಗಿತು. ಅವರು ಉತ್ತರ ದಕ್ಷಿಣವಾಗಿ ಹೋಗುವ ಡಾಂಬರು ರಸ್ತೆಯಲ್ಲಿದ್ದರು. ಮೊದಲ ಮಳೆ ಅಲ್ಲಿ ಆಗಲೇ ಸುರಿದು ಹೋಗಿತ್ತು. ನೋರೀನ್ ಕಿಟಕಿಗೆ ಮುಖವೊತ್ತಿ ನೋಡಿದಳು. ಗೋಡೆಯಿಂದ ಒಂದು ಮೂತಿ ಇಳಿಯಿತು, ಹಿಂದೆ ಸರಿಯಿತು, ಮತ್ತೆ ಇಳಿಯಿತು.

"ಬಂತು ವೆಂಡೆಲ್. ಕೆಳಗೆ ಬಂತು. ಆದ್ರೆ ಬುಡ ಕಾಣ್ತಿಲ್ಲ, ದಿಬ್ಬ ಅಡ್ಡ ಇದೆ."

"ದಿಬ್ಬ ಹತ್ತಿದ್ರೆ ಕಾಣುತ್ತೆ."

ಹೆಂಡತಿಗೆ ಬುಡ ತೋರಿಸಲೇಬೇಕು ಅನ್ನುವ ಆಸೆಯಲ್ಲಿ ವೆಂಡೆಲ್ ಮುಂದೆ ಸಿಕ್ಕ ಅಡ್ಡರಸ್ತೆಗೆ, ಪಶ್ಚಿಮಕ್ಕೆ, ಗಾಡಿ ತಿರುಗಿಸಿಬಿಟ್ಟ. ಫೋನಿನಲ್ಲಿ ಅದೂ ಬಿಳಿ ಗೆರೆಯೇ. ಅವನು ಇಪ್ಪತ್ತಾರು ವರ್ಷದ ಅಭ್ಯಾಸದಂತೆ ಮೇಲೆ ನೋಡುತ್ತಿದ್ದ. ಅವಳೂ ಮೇಲೆ ನೋಡುತ್ತಿದ್ದಳು. ರಸ್ತೆಯನ್ನು ನೋಡುವವರು ಆ ಗಾಡಿಯಲ್ಲಿ ಯಾರೂ ಇರಲಿಲ್ಲ.

ದಿಬ್ಬ ಹತ್ತಿ ಇಳಿಯತೊಡಗಿದಾಗ ಚಕ್ರದ ಕೆಳಗೆ ಜಲ್ಲಿಯ ಸದ್ದು ನಿಂತಿತು. ಆ ಸುಮ್ಮನಾದದ್ದು ನೋರೀನಳ ಅಂಗಾಲಿಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ.

"ಬ್ರೇಕ್ ಒತ್ಬೇಡ," ಎಂದಳು. "ಕಾಲು ತೆಗಿ, ಅಷ್ಟೇ."

ವೆಂಡೆಲ್ ಬ್ರೇಕ್ ಒತ್ತಿದ. ಪಿಕಪ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸೊಂಟ ಬಳುಕಿಸಿ, ಚರಂಡಿಗೆ ಗೇಣು ದೂರದಲ್ಲಿ ಓರೆಯಾಗಿ ನಿಂತಿತು. ಮುಂದೆ ಇಳಿಜಾರಿನ ಕೊನೆಯಲ್ಲಿ ರಸ್ತೆಯೇ ಇರಲಿಲ್ಲ, ಕೆಂಪು ನೀರು ನಿಂತಿತ್ತು. ಇಬ್ಬರೂ ತಲೆಯೆತ್ತಿ ಎಡಮುಂದಕ್ಕೆ ನೋಡಿದರು. ಬುಡ ಈಗ ಚೆನ್ನಾಗಿ ಕಾಣುತ್ತಿತ್ತು. ಸುಂಟರಗಾಳಿ ಎಡಕ್ಕೂ ಸರಿಯುತ್ತಿರಲಿಲ್ಲ, ಬಲಕ್ಕೂ ಸರಿಯುತ್ತಿರಲಿಲ್ಲ. ನಿಂತಲ್ಲೇ ದಪ್ಪವಾಗುತ್ತಿತ್ತು. ಅದರ ಅರ್ಥವನ್ನು ಬೆನ್ನಟ್ಟುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದು ನೇರವಾಗಿ ತಮ್ಮ ಕಡೆಗೇ ಬರುತ್ತಿದೆ.

"ಜಾಗ ಬಿಡು," ಎಂದಳು ನೋರೀನ್.

ಬಾಗಿಲು ತೆಗೆದು ಇಳಿಯುವಷ್ಟು ಹೊತ್ತಿರಲಿಲ್ಲ. ಅವಳು ಅವನ ತೊಡೆಯ ಮೇಲಿಂದ ದಾಟಿದಳು, ಅವನು ಅವಳ ಬೆನ್ನ ಹಿಂದಿನಿಂದ ತೂರಿದ.

"ಹೊಟ್ಟೆ ಒಳಗೆ ಎಳ್ಕೋ ಮಹಾರಾಯ."

"ಎಳ್ಕೊಂಡೇ ಇದ್ದೀನಿ. ಇರೋದೇ ಇಷ್ಟು." ಸೀಟಿಗೆ ಬಿದ್ದವನೇ, "ತಿರುಗಿಸ್ತೀಯಾ?" ಎಂದ.

"ತಿರುಗಿಸಿದ್ರೆ ಚರಂಡೀಲಿ ಇರ್ತೀವಿ. ಹಿಂದಕ್ಕೇ ಹೋಗೋದು."

ನಾಲ್ಕೂ ಚಕ್ರಕ್ಕೆ ಇಂಜಿನ್ ಜೋಡಿಸಿ, ರಿವರ್ಸ್ ಹಾಕಿ, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯನ್ನು ಗಂಡನ ಸೀಟಿನ ಬೆನ್ನಿಗೆ ಚಾಚಿ, ಅವಳು ಮುಖವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಳು. ಒಂದು ಬದಿಯ ಚಕ್ರಗಳನ್ನು ಅಂಚಿನ ಹುಲ್ಲಿಗೆ ಹತ್ತಿಸಿದಳು. ಜೇಡಿಯಲ್ಲಿ ಹುಲ್ಲೊಂದೇ ಹಿಡಿತ ಕೊಡುವುದು. ಆ ಹುಲ್ಲಿನ ಪಟ್ಟಿ ಎರಡಡಿ ಅಗಲ, ಅದರಾಚೆ ಚರಂಡಿ. ಡಾಂಬರಿಗೆ ಅರ್ಧ ಮೈಲಿ. ವೇಗ ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ಹೂಳುತ್ತದೆ. ಹಾಲು ತುಂಬಿದ ಪಾತ್ರೆ ಒಯ್ಯುವಷ್ಟು ನಯವಾಗಿ ಅವಳು ಗಾಡಿಯನ್ನು ಹಿಂದಕ್ಕೆ ದಿಬ್ಬ ಹತ್ತಿಸಿದಳು.

"ಎಲ್ಲಿದೆ?"

"ನೋರೀನ್, ಅದರ ಬುಡದಲ್ಲಿ ಸಣ್ಣ ಸುಳಿಗಳು ಎರಡು, ಮೂರು, ಒಂದರ ಸುತ್ತ ಒಂದು—"

"ವರ್ಣನೆ ಬೇಡ. ಎಷ್ಟು ದೂರ, ಅದನ್ನ ಹೇಳು."

"ಒಂದು ಮೈಲಿ ಇಲ್ಲ. ಮುಕ್ಕಾಲು."

ಅವಳ ಬೆನ್ನ ಹಿಂದೆ, ಮುಂದಿನ ಗಾಜಿನ ತುಂಬ, ಅದು ಇತ್ತು. ಅವಳು ಕೇಳಿಕೊಂಡ ಹಾಗೆಯೇ, ಬುಡದಿಂದ ತುದಿಯವರೆಗೆ. ಕತ್ತು ಒಂದಿಷ್ಟು ತಿರುಗಿಸಿದ್ದರೆ ಸಾಕಿತ್ತು. ದೇವರಾಣೆಗೂ ಅವಳಿಗೆ ಆಸೆಯಾಯಿತು. ಇಷ್ಟು ವರ್ಷದಲ್ಲಿ ಆಗದಷ್ಟು ಆಸೆ, ಸಿಟ್ಟು, ಅಳು ಎಲ್ಲ ಒಟ್ಟಿಗೇ ಬಂತು. ಅವಳು ಹಲ್ಲು ಕಚ್ಚಿ ಹುಲ್ಲಿನ ಪಟ್ಟಿಯನ್ನೇ ನೋಡಿದಳು. ಗಾಳಿಯ ಸದ್ದು ಈಗ ಸದ್ದಿನ ಹಾಗಿರಲಿಲ್ಲ, ಸೀಟಿನಿಂದ ಬೆನ್ನುಮೂಳೆಗೆ ಹತ್ತುತ್ತಿತ್ತು. ಮಣ್ಣಿನ ಹೆಂಟೆಗಳು ಗಾಜಿಗೆ ಬಡಿದವು. ಕ್ಯಾಮೆರಾ ಚಾಲೂ ಇದ್ದ ಹಾಗೆಯೇ ವೆಂಡೆಲನ ತೊಡೆಯ ಮೇಲೆ ಬಿದ್ದಿತ್ತು, ಅದನ್ನು ಎತ್ತುವ ನೆನಪೇ ಅವನಿಗೆ ಆಗಲಿಲ್ಲ.

"ಅರ್ಧ ಮೈಲಿ," ಎಂದ. ಸ್ವಲ್ಪ ಹೊತ್ತಿಗೆ, "ಬೇಲಿ ಕಂಬ ಕೀಳ್ತಾ ಇದೆ," ಎಂದ. ಆಮೇಲೆ ಏನೂ ಹೇಳಲಿಲ್ಲ. ಅವನು ಸುಮ್ಮನಾದದ್ದರಿಂದಲೇ ಅವಳಿಗೆ ದೂರ ಗೊತ್ತಾಯಿತು.

ಚಕ್ರದ ಕೆಳಗೆ ಜಲ್ಲಿ ಕರಕರ ಎಂದಿತು. ಅವಳು ಆಗ ಮಾತ್ರ ಕಾಲನ್ನು ಪೂರ್ತಿ ಒತ್ತಿದಳು. ಪಿಕಪ್ ಹಿಮ್ಮುಖವಾಗಿ ಡಾಂಬರಿಗೆ ನುಗ್ಗಿತು. ಹಿಂಬದಿಯನ್ನು ಉತ್ತರಕ್ಕೆ ಬೀಸಿ, ಮೂತಿಯನ್ನು ದಕ್ಷಿಣಕ್ಕೆ ತಂದು, ಗೇರು ಬದಲಿಸಿ ಹೊರಟೇಬಿಟ್ಟಳು. ತುಸು ದೂರದಲ್ಲಿ ರಸ್ತೆಯಂಚಿಗೆ ಸಾಲಾಗಿ ನಿಂತಿದ್ದ ಬೆನ್ನಟ್ಟುವವರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಟ್ರೆಂಟನ ಕ್ಯಾಮೆರಾ ಅವಳ ಗಾಡಿಯ ಕಡೆಗೇ ತಿರುಗಿತ್ತು. ಪಿಕಪ್ಪಿನ ಹಿಂದೆ ಸುಂಟರಗಾಳಿ ಅಡ್ಡರಸ್ತೆಯನ್ನು ದಾಟಿ, ಡಾಂಬರನ್ನೂ ದಾಟಿ, ಈಶಾನ್ಯದ ಬಯಲಿಗೆ ಹೋಯಿತು.

ಎರಡು ಮೈಲಿ ಹೋದ ಮೇಲೆ ಒಂದು ಏರಿನಲ್ಲಿ ನೋರೀನ್ ಗಾಡಿ ನಿಲ್ಲಿಸಿದಳು. ಮೂತಿ ದಕ್ಷಿಣಕ್ಕೆ, ಇಂಜಿನ್ ಆರಿಸದೆ.

"ನಾನು ರಸ್ತೆ ನೋಡ್ಲಿಲ್ಲ," ಎಂದ ವೆಂಡೆಲ್. ಅವನ ಮುಖ ಸುಣ್ಣದ ಹಾಗಾಗಿತ್ತು. "ನೋಡ್ಕೊತೀನಿ ಅಂದು ನೋಡ್ಲಿಲ್ಲ."

"ನಾನೂ ನೋಡ್ಲಿಲ್ಲ. ಗಾಡೀಲಿ ಇದ್ದಿದ್ದು ನಾಲ್ಕು ಕಣ್ಣು, ನಾಲ್ಕೂ ಮೇಲೆ." ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. "ಕಣ್ಣೆದುರಿಗೇ ಇತ್ತಲ್ಲ ವೆಂಡೆಲ್. ನಾನು ಹುಲ್ಲು ನೋಡ್ದೆ."

ವೆಂಡೆಲ್ ಹಿಂದಿನ ಗಾಜಿನಲ್ಲಿ ನೋಡಿದ. ಮತ್ತೆ ಅವಳನ್ನು ನೋಡಿದ.

"ಇಳಿ," ಎಂದ. "ಇನ್ನೂ ಇದೆ. ಬಿಸಿಲು ಬಿದ್ದಿದೆ ಅದರ ಮೇಲೆ. ಹೋಗು."

"ರಸ್ತೆ?"

"ನಾನಿದ್ದೀನಿ, ಹೋಗು ಅಂದ್ನಲ್ಲ."

ಅವಳು ಇಳಿದಳು. ಗಾಡಿಯ ಹಿಂದಕ್ಕೆ ನಡೆದು, ರಸ್ತೆಯ ನಡುವೆ ಎರಡು ಕಾಲೂರಿ ನಿಂತು ತಲೆಯೆತ್ತಿದಳು. ಪಶ್ಚಿಮದಲ್ಲಿ ಮೋಡ ಹರಿದು ಬಿಸಿಲು ಅಡ್ಡವಾಗಿ ಬಂದಿತ್ತು. ಅಷ್ಟು ಹೊತ್ತು ಕಪ್ಪಗಿದ್ದದ್ದು ಈಗ ಬೆಳ್ಳಗೆ, ಕಪ್ಪು ಮೋಡದ ಮುಂದೆ ಒಂದೇ ಒಂದು ಬಿಳಿ ಕಂಬವಾಗಿ ನಿಂತಿತ್ತು. ಬುಡದಲ್ಲಿ ಕೆಂಪು ಧೂಳು ಏಳುತ್ತಿತ್ತು. ಮೇಲೆ ಅದು ಮೋಡದೊಳಗೆ ಅಗಲವಾಗಿ ಸೇರಿಕೊಂಡ ಜಾಗವೂ ಕಾಣುತ್ತಿತ್ತು. ಅದರ ಮೈ ಸುತ್ತುವುದನ್ನು, ಸುತ್ತುತ್ತ ಮೇಲಕ್ಕೆ ಏರುವುದನ್ನು ಅವಳು ನೋಡಿದಳು. ಟೀವಿಯಲ್ಲಿ ಅದು ಇಷ್ಟು ದೊಡ್ಡದಾಗಿ ಎಂದೂ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋದರೆ ಅಷ್ಟು ಹೊತ್ತು ನೋಡುವುದು ತಪ್ಪುತ್ತದೆಂದು ಹಾಗೇ ಬಿಟ್ಟಳು. ನಿನ್ನ ಮುಂದೆ ಹಿಮ್ಮುಖ ಓಡಿಸಿಕೊಂಡು ಬಂದವಳು ನಾನೇ ಎಂದು ಅದಕ್ಕೆ ಕೇಳುವ ಹಾಗೆ ಹೇಳಬೇಕೆನ್ನಿಸಿತು. ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

ಅದು ನಿಧಾನವಾಗಿ ಸಣ್ಣದಾಯಿತು. ಓರೆಯಾಯಿತು, ಹಗ್ಗದಷ್ಟಾಯಿತು, ನಡುವೆ ಕಡಿದು ಹೋಯಿತು. ಕೊನೆಯ ಎಳೆ ಕರಗುವವರೆಗೂ ನಿಂತಿದ್ದು ಅವಳು ಗಾಡಿಗೆ ಬಂದಳು. ವೆಂಡೆಲ್ ಬಾನೆಟ್ಟಿನ ಹತ್ತಿರ ನಿಂತಿದ್ದ. ಅವಳನ್ನು ಕಂಡವನೇ ಅವಳಿಗಾಗಿ ಎಡಬದಿಯ ಬಾಗಿಲು ತೆಗೆದ.

ಯಾರಿಗೂ ಏನೂ ಆಗಿಲ್ಲ, ಬೇಲಿಗಳು, ಕರೆಂಟು ಕಂಬಗಳು, ಒಂದು ಖಾಲಿ ಕೊಟ್ಟಿಗೆ ಹೋಗಿವೆ ಅಷ್ಟೇ ಎಂದು ರೇಡಿಯೋದಲ್ಲಿ ಕೇಳಿದ ಮೇಲೆ ಎಲ್ಲರೂ ಊಟಕ್ಕೆ ಸೇರಿದರು. ಒಳ್ಳೆಯ ಸುಂಟರಗಾಳಿ ಸಿಕ್ಕ ದಿನ ಬೆನ್ನಟ್ಟುವವರು ಒಟ್ಟಿಗೆ ಕೂತು ದನದ ಮಾಂಸದ ದಪ್ಪ ತುಂಡು ಸುಡಿಸಿಕೊಂಡು ತಿನ್ನುವುದು, ತಿನ್ನುತ್ತ ಒಬ್ಬರ ಚಿತ್ರ ಒಬ್ಬರಿಗೆ ತೋರಿಸುವುದು ಮೊದಲಿನಿಂದ ಬಂದ ರೂಢಿ. ಉದ್ದನೆಯ ಮೇಜಿನ ಮೇಲೆ ಫೋನುಗಳೂ ಕ್ಯಾಮೆರಾಗಳೂ ತಟ್ಟೆಗಳ ನಡುವೆ ಓಡಾಡಿದವು. ಎಲ್ಲಕ್ಕಿಂತ ಹೆಚ್ಚು ಸಲ ಓಡಿದ್ದು ಟ್ರೆಂಟನದು. ದಿಬ್ಬದ ಮೇಲಿಂದ ಒಂದು ಹಳೆಯ ಪಿಕಪ್ ಹಿಮ್ಮುಖವಾಗಿ, ಗೆರೆ ಎಳೆದ ಹಾಗೆ ನೆಟ್ಟಗೆ ಬರುತ್ತಿದೆ, ಅದರ ಹಿಂದೆ ಸುಂಟರಗಾಳಿ.

"ನಾನು ಮುಂದಕ್ಕೇ ಇಷ್ಟು ನೆಟ್ಟಗೆ ಓಡಿಸಲ್ಲ," ಎಂದ ಟ್ರೆಂಟ್. "ಮಿಸ್ ನೋರೀನ್, ನಂಗೆ ಓಡ್ಸೋಕೆ ಬರ್ತೀರಾ? ದೇವರಾಣೆ, ನನ್ನ ಗಾಡಿ ಮೇಲಿನ ದೀಪ ಎಲ್ಲ ಕಿತ್ತು ಹಾಕ್ತೀನಿ."

"ಮೊದ್ಲು ಕೀಳು, ಆಮೇಲೆ ಮಾತಾಡು," ಎಂದಳು ನೋರೀನ್. ಅವಳ ಕಿವಿ ಕೆಂಪಾಗಿತ್ತು.

ಯಾರೋ ವೆಂಡೆಲನ ಕ್ಯಾಮೆರಾ ಎತ್ತಿಕೊಂಡು ಅದರಲ್ಲಿದ್ದ ಚಿತ್ರ ಓಡಿಸಿದರು. ಹಿಮ್ಮುಖ ಓಡಿದ ಹೊತ್ತಿನದೆಲ್ಲ ಅದರಲ್ಲಿತ್ತು, ಆದರೆ ಕಾಣುತ್ತಿದ್ದದ್ದು ವೆಂಡೆಲನ ಮೊಣಕಾಲು ಒಂದೇ. ಅದರ ಮೇಲೆ ಹೆಣ್ಣುದನಿ ಕೇಳುತ್ತಿತ್ತು: ವರ್ಣನೆ ಬೇಡ. ಮೇಜಿಗೆ ಮೇಜೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಅದಿರಲಿ, ಬೆಳ್ಳಗಾದ್ಮೇಲಿಂದು ತೋರ್ಸಿ," ಎಂದ ಟ್ರೆಂಟ್. "ಬಿಸಿಲಲ್ಲಿ ಅಷ್ಟು ಹೊತ್ತು ನಿಂತಿತ್ತು. ನೀವಿದ್ದ ಜಾಗದಿಂದ ಅದು ಇನ್ನೂ ಚೆನ್ನಾಗಿ ಬಂದಿರುತ್ತೆ. ನಿಮ್ಮ ಜೀವಮಾನದ ಚಿತ್ರ ಅದು."

"ತೆಗೀಲಿಲ್ಲ," ಎಂದ ವೆಂಡೆಲ್, ಮಾಂಸ ಕತ್ತರಿಸುತ್ತ.

"ತೆಗೀಲಿಲ್ಲ ಅಂದ್ರೆ?"

"ನಾನು ರಸ್ತೆ ನೋಡ್ತಾ ಇದ್ದೆ."

ನೋರೀನ್ ತಿರುಗಿ ಅವನನ್ನು ನೋಡಿದಳು. ತನ್ನ ಹಿಂದೆ ಎಂದಿನಂತೆ ಕ್ಯಾಮೆರಾ ಓಡುತ್ತಿದೆ ಎಂದೇ ಅವಳು ತಿಳಿದಿದ್ದಳು.

"ಒಂದ್ಸಲವೂ ತಿರುಗ್ಲಿಲ್ವಾ?"

"ತಿರುಗೋ ಹಾಗಿಲ್ವಲ್ಲ. ಕಾನೂನು ಮಾಡ್ದೋಳು ನೀನೇ." ಅವನು ಚಾಕು ಕೆಳಗಿಟ್ಟ. "ಎರಡು ಲಾರಿ ಹೋದ್ವು. ಒಂದು ಆಮೆ ದಾಟ್ತು. ಬೆನ್ನು ಉರೀತಾ ಇತ್ತು ನೋರೀನ್, ತಿರುಗ್ಬೇಕು ತಿರುಗ್ಬೇಕು ಅಂತ. ಇಷ್ಟು ವರ್ಷ ಇದನ್ನ ಹೇಗೆ ಮಾಡ್ದೆ ನೀನು?"

ಅವಳು ಮೇಜಿನ ಕೆಳಗೆ ಅವನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಅವಳ ಕಡೆ ತಿರುಗಿ ಕೇಳಿದ.

"ಹೇಗಿತ್ತು, ಹೇಳು."

ಟ್ರೆಂಟ್ ಮತ್ತೆ ತನ್ನ ಫೋನು ಮುಂದಕ್ಕೆ ಚಾಚಿ, "ನನ್ನ ಹತ್ರ ಇದೆ, ನೋಡಿ ವೆಂಡೆಲ್," ಅನ್ನಲು ಹೊರಟಿದ್ದ. ನೋರೀನ್ ಆ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದಳು.

"ಯಾರೂ ಏನೂ ತೋರಿಸ್ಬೇಡಿ," ಎಂದಳು. "ಎಲ್ಲ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಇವನು ನೋಡಿಲ್ಲ, ಇವನಿಗೆ ಮೊದಲಿಂದ ಹೇಳ್ಬೇಕು."